ಚೂರಿಯ ಹದ, ಬೆಂಕಿಯ ಬಣ್ಣ

ಕಮ್ಮಾರನ ಕುಲುಮೆ ಮಬ್ಬುಗತ್ತಲಲ್ಲಿ ಇರುವುದನ್ನು ಕಂಡು ಬಡತನವೇ ಅದಕ್ಕೆ ಕಾರಣವೆಂದು ಭಾವಿಸುವವರುಂಟು. ಅಸಲು ಕಾರಣ ಬೇರೆ. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ಸಿಗದು. ಬಣ್ಣ ಸಿಗದಿದ್ದರೆ ಹದ ಸಿಗದು. ವಿದುರಾಶ್ವತ್ಥ, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಕಡ್ಡಿ ಕೊಯ್ಯುವ ಕುಡುಗೋಲಾಗಲಿ, ಅಡುಗೆಮನೆಯ ಚೂರಿಯಾಗಲಿ, ನಿಯಮ ಒಂದೇ. ಹೊಸದಾಗಿ ಚೂರಿ ಮಾಡಲು ಹೊರಟವನು ತನ್ನ ತೋಳಿಗೆ ಬಲ ಸಾಲದೆಂದು ಅಂಜುತ್ತಾನೆ. ಅವನನ್ನು ಸೋಲಿಸುವುದು ತೋಳಲ್ಲ, ಕಣ್ಣು.

ಈ ಸೀಮೆಗೆ ಉಕ್ಕಿನ ವಿದ್ಯೆ ಹೊಸತೇನಲ್ಲ. ಗೌರಿಬಿದನೂರಿನ ಪಶ್ಚಿಮಕ್ಕೆ ಮಧುಗಿರಿ, ಕೊರಟಗೆರೆಗಳ ಬೆಟ್ಟಸಾಲಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಚನ್ನರಾಯನದುರ್ಗದ ಕಡೆಯ ಉಕ್ಕಿನ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹಳ್ಳದ ಕರಿಮರಳನ್ನು ತೊಳೆದು ಕಬ್ಬಿಣ ತೆಗೆಯುವುದು. ಅದರ ತುಂಡನ್ನು ತಂಗಡಿ ಕಡ್ಡಿ, ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮೆತ್ತಿ ಕಾಯಿಸುವುದು. ಒಳಗೆ ಕಡ್ಡಿ ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಇಂಗ್ಲಿಷರ ‘ವೂಟ್ಜ್’ ಇಂಥ ಉಕ್ಕೇ. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರ ಮತ.

1795ರಲ್ಲಿ ಜಾರ್ಜ್ ಪಿಯರ್ಸನ್, 1819ರಲ್ಲಿ ಮೈಕೆಲ್ ಫ್ಯಾರಡೆ ಅದರ ಗುಟ್ಟನ್ನು ಹುಡುಕಿದರು. ಅಲ್ಲಿನ ಕಮ್ಮಾರರಿಗೋ ಅದು ತಲೆನೋವಾಯಿತು. ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಗಾಲವಿರುವ ಉಕ್ಕನ್ನು ಮೆದು ಕಬ್ಬಿಣದಂತೆ ಬೆಳ್ಳಗೆ ಕಾಯಿಸಿ ಬಡಿದರೆ ಸುತ್ತಿಗೆಯ ಕೆಳಗೆ ಪುಡಿಯಾಗುತ್ತದೆ. ಅದಕ್ಕೆ ಬೇಕಾದದ್ದು ಕಡಿಮೆ ಕಾವು, ಹೆಚ್ಚು ತಾಳ್ಮೆ. ಇಂದಿನ ಹೊಸಬನ ಮೊದಲ ತಪ್ಪೂ ಇದೇ: ಬೇಗ ಬಗ್ಗಲಿ ಎಂದು ತಿದಿಯನ್ನು ಜೋರಾಗಿ ಒತ್ತುವುದು. ಕಿಡಿ ಚಿಮ್ಮಿತೆಂದರೆ ಉಕ್ಕು ಸುಟ್ಟಿತು. ಸುಟ್ಟದ್ದು ಮತ್ತೆ ಸರಿಹೋಗದು.

ಕಲಿಯುವವನಿಗೆ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ಒಳ್ಳೆಯದು. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧ ಪಾಲಿನ ಆಸುಪಾಸು. ಸಣ್ಣಪುಟ್ಟ ತಪ್ಪನ್ನು ಸಹಿಸಿಕೊಳ್ಳುತ್ತದೆ. ಮುತ್ತುಗದ ಹೂವಿನ ಬಣ್ಣ ಬಂದಾಗ ಬಡಿಯಬೇಕು, ಮಂಕುಗೆಂಪಿಗೆ ಇಳಿದೊಡನೆ ನಿಲ್ಲಿಸಿ ಮತ್ತೆ ಬೆಂಕಿಗಿಡಬೇಕು. ತಣ್ಣಗಾದ ಮೇಲೂ ಬಡಿದರೆ ಒಳಗೆ ಬಿರುಕು ಬೀಳುತ್ತದೆ. ಮೊದಲು ಮೊನೆ, ಆಮೇಲೆ ಬಾಯಿ. ಬಾಯಿಯ ಕಡೆ ಬಡಿದಷ್ಟೂ ಅಲಗು ಬಿಲ್ಲಿನಂತೆ ಬಾಗುವುದರಿಂದ ನಡುನಡುವೆ ನೆಟ್ಟಗೆ ಮಾಡುತ್ತಿರಬೇಕು. ಆಕಾರ ಬಂದ ಬಳಿಕ ಎರಡು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಿಸಿದರೆ ಪೆಟ್ಟಿನ ಬಿಗುವು ಇಳಿಯುತ್ತದೆ. ಅರದಿಂದ ತಿದ್ದುವಾಗ ಬಾಯಿಯನ್ನು ಒಂದು ಮಿಲಿಮೀಟರಿಗಿಂತ ತೆಳ್ಳಗೆ ಮಾಡಬಾರದು. ಮಾಡಿದರೆ ಮುಂದಿನ ಬೆಂಕಿಯಲ್ಲಿ ಸೊಟ್ಟಗಾದೀತು.

ಇನ್ನು ಹದ ಕಟ್ಟುವ ಗಳಿಗೆ. ಇಡೀ ದಿನದ ದುಡಿಮೆ ಇಲ್ಲಿ ಒಂದೆರಡು ಕ್ಷಣದಲ್ಲಿ ಉಳಿಯುತ್ತದೆ ಇಲ್ಲವೆ ಹಾಳಾಗುತ್ತದೆ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಕಣ್ಣು ಪಳಗದವನಿಗೆ ಇದೇ ಗುರುತು. ಅಲ್ಲಿಂದ ಇನ್ನೊಂದು ಚೂರು ಕಾವೇರಿಸಿ, ಬಾಯಿ ಕೆಳಗಾಗಿ ನೇರವಾಗಿ ಬೆಚ್ಚಗಿನ ಎಣ್ಣೆಗೆ ಇಳಿಸಬೇಕು. ನೀರಿಗಿಳಿಸಿದರೆ ಇಂಥ ಉಕ್ಕು ‘ಟಿಂಗ್’ ಎಂದು ಸೀಳುವುದುಂಟು. ಆ ಸದ್ದು ಕೇಳಿದ ಮೇಲೆ ಮಾಡುವುದೇನೂ ಉಳಿಯದು.

ಎಣ್ಣೆಯಿಂದ ಬಂದ ಅಲಗು ಗಟ್ಟಿ, ಆದರೆ ಗಾಜಿನಂತೆ ಪೆಡಸು. ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡಾದೀತು. ಮೈ ಉಜ್ಜಿ ಹೊಳಪು ಬರಿಸಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಬಿಸಿ ಮಾಡಿದರೆ ಬಣ್ಣಗಳು ಸರಿದುಬರುತ್ತವೆ: ಒಣ ರಾಗಿಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ. ಅಡುಗೆಯ ಚೂರಿಯ ಬಾಯಿಗೆ ಹುಲ್ಲಿನ ಬಣ್ಣ ಸಾಕು, ಸುಮಾರು 220-230 ಡಿಗ್ರಿ. ಏಟು ತಿನ್ನುವ ಮಚ್ಚಿಗೆ ನೇರಳೆಯವರೆಗೆ ಬಿಡಬಹುದು.

ಸಾಣೆ ಹಿಡಿಯುವಾಗಲೂ ಎಚ್ಚರ ಬೇಕು. ಚಕ್ರದ ಬಿಸಿಗೆ ಬಾಯಲ್ಲಿ ನೀಲಿ ಮೂಡಿದರೆ ಅಷ್ಟು ಭಾಗದ ಹದ ಹೋಯಿತು. ಆಗಾಗ ನೀರಿಗೆ ಅದ್ದುತ್ತಿರಬೇಕು. ಹಿಡಿಗೆ ಹುಣಸೆ ಅಥವಾ ಜಾಲಿ, ಚೆನ್ನಾಗಿ ಒಣಗಿದ್ದು. ಮುಗಿದ ಚೂರಿಯಿಂದ ಒಂದು ಒಣಕಡ್ಡಿ ಕಡಿದು ನೋಡಿದರೆ ಹದ ಗೊತ್ತಾಗುತ್ತದೆ. ಬಾಯಿ ಚಕ್ಕೆ ಎದ್ದರೆ ಇನ್ನಷ್ಟು ಬಣ್ಣ ಏರಿಸಬೇಕಿತ್ತು. ಮಡಿಚಿದರೆ ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗಿಳಿಸಬೇಕು.