ವಿದ್ಯುತ್ ಕಾರಿಗೆ ಮಳೆಗಾಲದ ಪಾದರಕ್ಷೆ

ಮುಂಬಯಿಯ ಕನ್ನಡಿಗರಾದ ನಮಗೆ ವರ್ಷಕ್ಕೆ ಎರಡು ಪ್ರಯಾಣಗಳು ತಪ್ಪಿದ್ದಲ್ಲ. ಮಕ್ಕಳ ಮೇ ತಿಂಗಳ ರಜೆಗೆ ಊರಿಗೆ ಹೋಗುವುದು ಒಂದು. ಚೌತಿಗೆ ಹೋಗುವುದು ಇನ್ನೊಂದು. ನಮ್ಮ ಹಿರಿಯರು ಹಡಗಿನಲ್ಲಿಯೂ ಬಸ್ಸಿನಲ್ಲಿಯೂ ಹೋಗಿ ಬಂದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ನಾವು ರೈಲು ಹಿಡಿದೆವು. ಈಗ ಮಕ್ಕಳ ಕಾಲ. ಅವರಿಗೆ ಸ್ವಂತ ಕಾರು ಬೇಕು, ಅದೂ ವಿದ್ಯುತ್ತಿನ ಕಾರು.

ನಮ್ಮ ಮಗನೂ ಅಂಥದೊಂದನ್ನು ತಂದ. ಏಳು ಸೆಕೆಂಡಿನೊಳಗೆ ನೂರು ಕಿಲೋಮೀಟರ್ ವೇಗ ಮುಟ್ಟುವ ಗಾಡಿ. ಅದಕ್ಕೆ 18 ಇಂಚಿನ ಚಕ್ರವೂ ಇತ್ತು, 19 ಇಂಚಿನದೂ ಇತ್ತು. ನೋಟ ಚೆನ್ನ ಎಂದು ಮಗ 19ರದನ್ನೇ ಆರಿಸಿದ. ನಾವೂ ತಲೆಯಾಡಿಸಿದೆವು. ತಪ್ಪು ಅವನೊಬ್ಬನದಲ್ಲ.

2025ರ ಚೌತಿಗೆ ಮುಲುಂಡಿನಿಂದ ಬೆಳಗಿನ ಜಾವ ಹೊರಟೆವು. ಮಾಣಗಾಂವ್ ದಾಟುವಾಗ ಬಿರುಸಿನ ಮಳೆ. ರಸ್ತೆಯ ಮೇಲೆ ನೀರು ನಿಂತು, ಹೊಂಡ ಯಾವುದು ನೆಲ ಯಾವುದು ತಿಳಿಯುವಂತಿರಲಿಲ್ಲ. ಧಡಕ್ಕೆಂದು ಸದ್ದಾಯಿತು. ಇಳಿದು ನೋಡಿದರೆ ಮುಂದಿನ ಟಯರಿನ ಪಕ್ಕೆಯೇ ಸೀಳಿತ್ತು. ಬೂಟು ತೆರೆದರೆ ಹೆಚ್ಚುವರಿ ಚಕ್ರವಿಲ್ಲ. ಪಂಕ್ಚರು ಮುಚ್ಚುವ ಅಂಟು ಮತ್ತು ಗಾಳಿಯ ಪಂಪು ಮಾತ್ರ. ಮೊಳೆ ಚುಚ್ಚಿದ ತೂತನ್ನು ಆ ಅಂಟು ಮುಚ್ಚೀತು, ಸೀಳಿದ ಪಕ್ಕೆಯನ್ನಲ್ಲ. ಹತ್ತಿರದ ಊರುಗಳಲ್ಲಿ ಆ ಅಳತೆಯ ಟಯರು ಸಿಗಲಿಲ್ಲ. ಅದು ನವಿ ಮುಂಬಯಿಯಿಂದ ಬರುವ ಹೊತ್ತಿಗೆ ಮರುದಿನ ಮಧ್ಯಾಹ್ನ. ಊರಿನಲ್ಲಿ ಅಣ್ಣ ಗಣಪತಿಯನ್ನು ಕೂರಿಸಿ ಪೂಜೆ ಮುಗಿಸಿಯಾಗಿತ್ತು. ಎಂಬತ್ತು ದಾಟಿದ ನಮ್ಮ ಅಮ್ಮ ಆ ರಾತ್ರಿ ಲಾಡ್ಜಿನ ಮಂಚದ ಮೇಲೆ ಕುಳಿತು ಮೊಮ್ಮಗನಿಗೆ ಹೇಳಿದ ಮಾತು ಇಷ್ಟೆ: “ಮಗಾ, ಕೆಸರಲ್ಲಿ ನಡೆಯುವವನಿಗೆ ಮದುವೆಮನೆಯ ಚಪ್ಪಲಿ ಯಾಕೆ?”

ಆ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಜರ್ಮನಿಯಲ್ಲಿರುವ ತಂಗಿಯ ಮಗನಿಗೆ ವಿಷಯ ತಿಳಿಸಿದಾಗ ಅವನು, “ಮಾವ, ಇಲ್ಲಿ ಚಳಿಗಾಲಕ್ಕೆ ಟಯರು ಬೇರೆ, ಬೇಸಗೆಗೆ ಬೇರೆ” ಎಂದ. ಹಿಮ ಬಿದ್ದ ರಸ್ತೆಯಲ್ಲಿ ಚಳಿಗಾಲದ ಟಯರಿಲ್ಲದೆ ಓಡಿಸಬಾರದೆಂದು 2010ರಿಂದ ಅಲ್ಲಿ ಸ್ಪಷ್ಟ ಕಾನೂನಿದೆ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಇದು ಆ ಟಯರಿನ ಗುರುತು. ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ ಎಂಬುದು ಅಲ್ಲಿಯ ವಾಡಿಕೆ.

ಹಾಗಾದರೆ ಆ ಟಯರನ್ನೇ ಇಲ್ಲಿಯೂ ಹಾಕಬಹುದಲ್ಲ ಎಂದು ಕೇಳುವವರುಂಟು. ಕೂಡದು. ಸಾಮಾನ್ಯ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತದೆ. ಆ ಚಳಿಯಲ್ಲಿಯೂ ಮೆತ್ತಗಿರುವಂತೆ ಚಳಿಗಾಲದ ಟಯರಿನ ರಬ್ಬರನ್ನು ಹದ ಮಾಡಿರುತ್ತಾರೆ. ನಮ್ಮ ಸಾಂತಾಕ್ರೂಜಿನಲ್ಲಿ 1962ರ ಜನವರಿಯಲ್ಲಿ 7.4 ಡಿಗ್ರಿ ದಾಖಲಾದುದೇ ಹೆಸರಾಂತ ಚಳಿ! ನಮ್ಮ ಸೆಕೆಗೆ ಆ ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ. ಬ್ರೇಕು ಒತ್ತಿದರೆ ಗಾಡಿ ಇನ್ನೂ ದೂರ ಹೋಗಿ ನಿಲ್ಲುತ್ತದೆ.

ನಮ್ಮ ಕಷ್ಟಕಾಲ ಮಳೆಗಾಲ. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಕಂಡ ನಗರ ನಮ್ಮದು. ಆದಕಾರಣ ಮುಂಬಯಿಯವರು ಟಯರನ್ನು ನೀರಿಗಾಗಿಯೂ ಹೊಂಡಕ್ಕಾಗಿಯೂ ಆರಿಸಬೇಕು, ನೋಟಕ್ಕಾಗಿಯಲ್ಲ.

ಮೊದಲು ನೀರಿನ ಲೆಕ್ಕ. ಟಯರಿನ ಅಗಲ 245 ಮಿಲಿಮೀಟರ್, ರಸ್ತೆಯ ಮೇಲಿನ ನೀರು 3 ಮಿಲಿಮೀಟರ್, ವೇಗ ಗಂಟೆಗೆ 80 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಒಂದೊಂದು ಮುಂಚಕ್ರವೂ ಸೆಕೆಂಡಿಗೆ ಸುಮಾರು 16 ಲೀಟರು ನೀರನ್ನು ಪಕ್ಕಕ್ಕೆ ತಳ್ಳಬೇಕು. ಹೆಚ್ಚುಕಡಿಮೆ ಒಂದು ಕೊಡ ನೀರು! ಟಯರಿನ ಮೇಲಿನ ಗೀರುಗಳೇ ಅದಕ್ಕೆ ಕಾಲುವೆ. ಕಾಲುವೆ ಸವೆದರೆ ನೀರಿಗೆ ದಾರಿಯಿಲ್ಲದೆ ಚಕ್ರ ತೇಲುತ್ತದೆ. ಆಗ ಸ್ಟಿಯರಿಂಗೂ ಕೇಳದು, ಬ್ರೇಕೂ ಕೇಳದು. ಟಯರು ಅಗಲವಾದಷ್ಟೂ ತಳ್ಳಬೇಕಾದ ನೀರು ಹೆಚ್ಚು. ಹೊಸ ಟಯರಿನಲ್ಲಿ ಗೀರಿನ ಆಳ ಏಳೆಂಟು ಮಿಲಿಮೀಟರ್. ನಮ್ಮ ಕಾನೂನಿನಂತೆ ಕಾರಿನ ಟಯರಿಗೆ 1.6 ಮಿಲಿಮೀಟರ್ ಉಳಿದಿರಲೇಬೇಕು. ಗೀರಿನೊಳಗಿನ ಸಣ್ಣ ರಬ್ಬರಿನ ದಿಬ್ಬ ಮೇಲ್ಮಟ್ಟಕ್ಕೆ ಬಂದಿತೆಂದರೆ ಆ ಮಿತಿ ಮುಟ್ಟಿತೆಂದು ತಿಳಿಯಬೇಕು. ಆದರೆ ಘಾಟಿ ಇಳಿದು ಊರಿಗೆ ಹೋಗುವವರು 3 ಮಿಲಿಮೀಟರ್ ಆಗುತ್ತಲೇ ಬದಲಾಯಿಸುವುದು ಲೇಸು.

ಗಾಳಿಯೂ ಅಷ್ಟೇ ಮುಖ್ಯ. ಅಮೆರಿಕದ ನಾಸಾ ಸಂಸ್ಥೆಯವರು 1963ರಲ್ಲಿ ವಿಮಾನದ ಚಕ್ರಗಳಿಂದ ಕಂಡುಕೊಂಡ ಒಂದು ಸೂತ್ರವಿದೆ. ನೀರು ತುಂಬಿದ ನೆಲದ ಮೇಲೆ 36 ಪೌಂಡು ಗಾಳಿಯ ಚಕ್ರ ಗಂಟೆಗೆ ಸುಮಾರು 100 ಕಿಲೋಮೀಟರಿಗೆ ತೇಲಿದರೆ, 25 ಪೌಂಡಿನದು 83ಕ್ಕೇ ತೇಲುತ್ತದೆ. ಕಾರಿಗೆ ಈ ಅಂಕೆಗಳು ಹಾಗೆಯೇ ಹೊಂದಲಾರವು, ಆದರೆ ಪಾಠ ಒಂದೇ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಎಷ್ಟು ಗಾಳಿಯೆಂದು ಬರೆದಿರುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿಸಿಕೊಳ್ಳಿ.

ಇನ್ನು ಚಕ್ರದ ಅಳತೆ. 245/60 ಆರ್ 18 ಎಂದರೆ ಅಗಲ 245 ಮಿಲಿಮೀಟರ್. ಪಕ್ಕೆಯ ಎತ್ತರ ಅದರ ನೂರಕ್ಕೆ 60, ಅಂದರೆ 147 ಮಿಲಿಮೀಟರ್. ರಿಮ್ಮು 18 ಇಂಚು. 245/55 ಆರ್ 19ರಲ್ಲಿ ಪಕ್ಕೆ ಸುಮಾರು 135 ಮಿಲಿಮೀಟರ್ ಮಾತ್ರ. ಎರಡರ ಒಟ್ಟು ಎತ್ತರ ಒಂದು ಮಿಲಿಮೀಟರಿನಷ್ಟು ಹೆಚ್ಚುಕಡಿಮೆ. ಆದ್ದರಿಂದ ವೇಗದ ಮುಳ್ಳು ಸುಳ್ಳು ಹೇಳದು. ಹೆಚ್ಚಿನ ಆ 12 ಮಿಲಿಮೀಟರ್ ರಬ್ಬರೇ ಹೊಂಡದಲ್ಲಿ ರಿಮ್ಮಿಗೂ ಕಲ್ಲಿಗೂ ನಡುವಿನ ದಿಂಬು. ತಯಾರಕರು ಎರಡನ್ನೂ ಒಪ್ಪಿರುವಾಗ ನಾವು ಚಿಕ್ಕ ರಿಮ್ಮನ್ನೇ ಮೆಚ್ಚುವೆವು. ಒಪ್ಪಿಗೆಯಿಲ್ಲದ ಅಳತೆ ಮಾತ್ರ ಬೇಡ.

ವಿದ್ಯುತ್ ಕಾರಿಗೆ ಇನ್ನೂ ಮೂರು ಮಾತುಗಳಿವೆ. ಬ್ಯಾಟರಿಯಿಂದಾಗಿ ಗಾಡಿಯ ತೂಕ ಹೆಚ್ಚು. ಟಯರಿನ ಮೇಲೆ ಅಳತೆಯ ಮುಂದೆ ಭಾರದ ಅಂಕೆಯಿರುತ್ತದೆ: 91 ಎಂದರೆ ಒಂದು ಚಕ್ರಕ್ಕೆ 615 ಕಿಲೋ, 100 ಎಂದರೆ 800 ಕಿಲೋ. ಅಗ್ಗವೆಂದು ಕಡಮೆ ಅಂಕೆಯದನ್ನು ಹಾಕಿಸಬೇಡಿ. ಎರಡನೆಯದಾಗಿ, ಕಾಲಿಟ್ಟೊಡನೆ ಮೋಟಾರಿನ ಪೂರ್ತಿ ಬಲ ಚಕ್ರಕ್ಕೆ ಬರುವುದರಿಂದ ಟಯರು ಬೇಗ ಸವೆಯುತ್ತದೆ. ಕಾಲು ತೆಗೆದೊಡನೆ ಮೋಟಾರೇ ಬ್ರೇಕು ಹಿಡಿಯುವುದರಿಂದ ಒದ್ದೆ ಇಳಿಜಾರಿನಲ್ಲಿ ಚಕ್ರ ಜಾರಲೂಬಹುದು. ಮಳೆಯಲ್ಲಿ ಆ ಹಿಡಿತವನ್ನು ತಗ್ಗಿಸಿಟ್ಟುಕೊಂಡು ಮೆಲ್ಲಗೆ ಓಡಿಸಿರಿ. ಮೂರನೆಯದು ಹೆಚ್ಚುವರಿ ಚಕ್ರ. ಟ್ಯೂಬಿಲ್ಲದ ಟಯರು, ಗಾಳಿ ಇಳಿದರೆ ಎಚ್ಚರಿಸುವ ಯಂತ್ರ ಮತ್ತು ರಿಪೇರಿಯ ಸಲಕರಣೆಗಳಿದ್ದರೆ ಅದು ಬೇಡವೆಂದು 2020ರಲ್ಲಿ ಸರಕಾರ ವಿನಾಯಿತಿ ಕೊಟ್ಟಿತು. ಕಾರು ಕೊಳ್ಳುವಾಗಲೇ ಇದನ್ನು ಕೇಳಿರಿ. ಬೂಟಿನಲ್ಲಿ ಜಾಗವಿದ್ದರೆ ದೂರದ ಪ್ರಯಾಣಕ್ಕೆ ಒಂದನ್ನು ಹೊಂದಿಸಿಕೊಳ್ಳಿರಿ.

ಟಯರಿನ ಹುಟ್ಟಿದ ದಿನವನ್ನೂ ನೋಡಬೇಕು. ಪಕ್ಕೆಯ ಮೇಲೆ 2225 ಎಂದಿದ್ದರೆ 2025ರ 22ನೆಯ ವಾರದ್ದು. ಹಳೆಯ ದಾಸ್ತಾನನ್ನು ಹೊಸದೆಂದು ಒಪ್ಪಿಕೊಳ್ಳಬೇಡಿ.

ಜರ್ಮನಿಯವರಂತೆ ಎರಡು ಜೊತೆ ಚಕ್ರ ಇಟ್ಟುಕೊಳ್ಳಲು ನಮ್ಮ ಎರಡು ಕೋಣೆಯ ಮನೆಗಳಲ್ಲಿ ಜಾಗವೆಲ್ಲಿ? ನಮಗೆ ಒಂದೇ ಜೊತೆ, ಆದರೆ ಮಳೆಗೆ ಒದಗುವ ಜೊತೆ ಸಾಕು. ಅವರಿಗೆ ಅಕ್ಟೋಬರಿನಿಂದ ಈಸ್ಟರ್ ಆದರೆ ನಮಗೆ ರೋಹಿಣಿಯಿಂದ ಹಸ್ತ. ರೋಹಿಣಿಯಲ್ಲಿ, ಅಂದರೆ ಮೇ ಕೊನೆಯ ವಾರದಲ್ಲಿ, ಕೊಡೆ ರಿಪೇರಿ ಮಾಡಿಸುವ ದಿನವೇ ಟಯರುಗಳನ್ನೂ ನೋಡಿಸುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೇವೆ.

ಮಗನ ಗಾಡಿಗೆ ಈಗ 18ರ ಚಕ್ರ. ನೋಡಲು ಸ್ವಲ್ಪ ಸಪ್ಪೆಯೆಂದು ಅವನ ಗೆಳೆಯರು ಹಾಸ್ಯ ಮಾಡುತ್ತಾರಂತೆ. ಅಮ್ಮ ಮಾತ್ರ ಚೌತಿಗೆ ಇನ್ನೆಷ್ಟು ದಿನವೆಂದು ಪಂಚಾಂಗ ನೋಡುತ್ತಿದ್ದಾರೆ.