ಅಕ್ಷರಫಲಕಕ್ಕೆ ಸಿಗದ ದೃಷ್ಟಿದೋಷ

ಕಣ್ಣಿನ ತಪಾಸಣೆಯೆಂದರೆ ಗೋಡೆಯ ಮೇಲಿನ ಅಕ್ಷರಫಲಕವನ್ನು ಓದುವುದೆಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಪೀಡಿತರ ಮಟ್ಟಿಗೆ ಈ ಅಳತೆಗೋಲು ಸಾಲದು.

ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮಯಲಿನ್ ಹೊದಿಕೆಯನ್ನು ಹಾಳುಗೆಡವುತ್ತದೆ. ದೃಷ್ಟಿನರಕ್ಕೆ ಉರಿಯೂತ ತಗುಲಿದಾಗ ಕಣ್ಣು ಹೊರಳಿಸಿದರೆ ನೋವಾಗುತ್ತದೆ, ನೋಟ ಮಂಜಾಗುತ್ತದೆ, ಕೆಂಪು ಬಣ್ಣ ಮಾಸಿದಂತೆ ತೋರುತ್ತದೆ. ಕೆಲವು ವಾರಗಳಲ್ಲಿ ಚೇತರಿಸಿಕೊಂಡ ಹಲವರು ಫಲಕದ ಸಣ್ಣ ಅಕ್ಷರಗಳನ್ನೂ ಓದಬಲ್ಲರು. ಆದರೂ ಅವರಿಗೆ ಮಬ್ಬು ಬೆಳಕಿನಲ್ಲಿ ಮೆಟ್ಟಿಲಿನ ಅಂಚು ಕಾಣದಿರಬಹುದು. ಒಂದು ಕಣ್ಣಿನ ಸಂಕೇತ ಮಿದುಳಿಗೆ ತಡವಾಗಿ ತಲುಪಿದರೆ, ಚಲಿಸುವ ವಾಹನದ ದೂರ ಅಂದಾಜಿಗೆ ಸಿಗದು. ಮೈ ಬಿಸಿಯೇರಿದಾಗ ದೃಷ್ಟಿ ತಾತ್ಕಾಲಿಕವಾಗಿ ಮಸುಕಾಗುವುದನ್ನು ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಉಟ್‌ಹಾಫ್ 1890ರಲ್ಲೇ ದಾಖಲಿಸಿದ್ದರು. ನಮ್ಮ ಬೇಸಿಗೆಯಲ್ಲಿ ಇದರ ಅರ್ಥವನ್ನು ವಿವರಿಸಬೇಕಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಈ ಕಾಯಿಲೆಯನ್ನು 21 ವೈಕಲ್ಯಗಳ ಪಟ್ಟಿಗೆ ಸೇರಿಸಿದ್ದು ಸ್ವಾಗತಾರ್ಹ. ಆದರೆ ಅದೇ ಕಾಯ್ದೆ ಮಂದದೃಷ್ಟಿಯನ್ನು ನಿರ್ಧರಿಸುವುದು ದೃಷ್ಟಿಯ ತೀಕ್ಷ್ಣತೆ ಹಾಗೂ ವ್ಯಾಪ್ತಿಗಳಿಂದ ಮಾತ್ರ. ಬಣ್ಣ ಮಾಸುವುದಾಗಲಿ, ಬಿಸಿಲಿಗೆ ನೋಟ ಕುಂದುವುದಾಗಲಿ ಆ ಲೆಕ್ಕಕ್ಕೆ ಬಾರದು. ಬೆಳಗ್ಗೆ ಸರಾಗವಾಗಿ ಕಡತ ಓದಿದ ನೌಕರ ಮಧ್ಯಾಹ್ನ ತಡವರಿಸಿದರೆ ಮೇಲಧಿಕಾರಿಗೆ ಅದು ನೆಪವೆಂದು ತೋರುವುದು ಇದರಿಂದಲೇ. ಪ್ರಮಾಣಪತ್ರ ನೀಡುವ ವೈದ್ಯಮಂಡಳಿಗಳು ವರ್ಣಗ್ರಹಣ ಮತ್ತು ಮಬ್ಬು ಅಕ್ಷರಗಳ ಪರೀಕ್ಷೆಯನ್ನೂ ಪರಿಗಣಿಸಬೇಕು. ಕಚೇರಿಗಳು ತಂಪಾದ ಆಸನ, ದಪ್ಪ ಮುದ್ರಣ, ತುಸು ಹೆಚ್ಚಿನ ಕಾಲಾವಕಾಶ ಒದಗಿಸಿದರೆ ಬೊಕ್ಕಸಕ್ಕೇನೂ ಭಾರವಾಗದು.

ಗೃಹಿಣಿಯ ದುಡಿಮೆ ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿಲ್ಲ. ಹಾಗೆಂದು ಆ ದುಡಿಮೆಯೇ ಇಲ್ಲವೆನ್ನಲಾದೀತೆ?