ಹಡಗಿನ ಮಾತು, ದಡದ ಕಿವಿ

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕೆ, ಇನ್ನೊಂದು ಮಗ್ಗುಲಿಗೆ ಕಡಲು. ಇರುಳಿನಲ್ಲಿ ಅಲ್ಲಿ ನಿಂತವರಿಗೆ ಮೀನುದೋಣಿಗಳ ದೀಪಗಳು ಕಾಣುವುವು. ಅವುಗಳಿಂದ ಬಹು ಆಚೆ, ನೋಟಕ್ಕೆ ನಿಲುಕದ ಹಾದಿಯಲ್ಲಿ, ದೊಡ್ಡ ಹಡಗುಗಳು ಸಾಗುತ್ತಿರುತ್ತವೆ. ಕಣ್ಣಿಗೆ ಕಾಣದ ಆ ಹಡಗಿನ ಮಾತು ದಡದ ರೇಡಿಯೋ ಕಿವಿಗೆ ಬೀಳಬಹುದೆಂದರೆ ಓದುಗರು ನಂಬುವರೆ?

ಕರೆಯದ ಅತಿಥಿಯ ಅನುಭವ ಈ ಸೀಮೆಯ ಹಿರಿಯರಿಗೆ ಹೊಸದಲ್ಲ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರ ಬ್ರಹ್ಮಾವರದ ಸ್ತಂಭದಿಂದ ಹೊರಟು ಬೈಂದೂರಿನ ಮನೆಗಳನ್ನೂ ಮುಟ್ಟುತ್ತಿತ್ತು. ಕತ್ತಲಾದೊಡನೆ ಮೇಲಣ ವಾಯುಮಂಡಲದಿಂದ ಪುಟಿದು ಬಂದ ದೂರದೇಶದ ನಿಲಯಗಳ ದನಿ ಅಂತಹ ಪ್ರಸಾರದಲ್ಲಿ ಬೆರೆಯುವುದುಂಟು. ಜೋಡಾಟದಲ್ಲಿ ಎರಡು ಮೇಳಗಳ ಚೆಂಡೆ ಒಟ್ಟಿಗೆ ಮೊಳಗಿದರೂ ನೋಡುವವನಿಗೆ ಸಂತೋಷವೇ. ರೇಡಿಯೋವಿಗೆ ಆ ರಸಿಕತೆ ಇಲ್ಲ.

ಹಡಗಿನ ತಟ್ಟೆಯಾಕಾರದ ಆಂಟೆನಾ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಮುಖಮಾಡಿ ಮಾತನಾಡುತ್ತದೆ. ಆದರೆ ಅದರ ಶಕ್ತಿಯೆಲ್ಲ ಮೇಲಕ್ಕೇ ಹೋಗದು; ಕಿಂಚಿತ್ತು ಅಕ್ಕಪಕ್ಕಕ್ಕೂ ಸೋರುತ್ತದೆ. ಕೆಲವು ಹಡಗುಗಳು ಬಳಸುವ 6 ಗಿಗಾಹರ್ಟ್ಸ್ ಅಲೆಗಳನ್ನೇ ನೆಲದ ಮೈಕ್ರೋವೇವ್ ಗೋಪುರಗಳೂ ಊರಿಂದೂರಿಗೆ ದೂರವಾಣಿಯ ಮಾತು ದಾಟಿಸಲು ಬಳಸುತ್ತ ಬಂದಿವೆ. ನೆಲದ ಮೇಲಿನ ಎರಡು ನಿಲಯಗಳಾದರೆ ಕುಳಿತು ಒಪ್ಪಂದ ಮಾಡಿಕೊಳ್ಳಬಹುದು. ಹಡಗು ಇಂದು ಗಂಗೊಳ್ಳಿಯ ಎದುರಿಗಿದ್ದರೆ ನಾಳೆ ಗೋವೆಯ ಎದುರಿಗೆ!

ಅದಕ್ಕಾಗಿ 2003ರಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ರೇಡಿಯೋ ಸಮ್ಮೇಳನ ಒಂದು ಮರ್ಯಾದೆಯನ್ನು ಗೊತ್ತುಮಾಡಿತು. ಕರಾವಳಿಯ ದೇಶದ ಒಪ್ಪಿಗೆಯಿಲ್ಲದೆ 6 ಗಿಗಾಹರ್ಟ್ಸ್‌ನ ಹಡಗು ತೀರದಿಂದ 300 ಕಿಲೋಮೀಟರ್ ಒಳಗೂ, 14 ಗಿಗಾಹರ್ಟ್ಸ್‌ನದು 125 ಕಿಲೋಮೀಟರ್ ಒಳಗೂ ಪ್ರಸಾರ ಮಾಡಕೂಡದು. ಕುಂದಾಪುರದಿಂದ ಬೆಂಗಳೂರಿಗೆ ಹಕ್ಕಿ ಹಾರುವ ದೂರ 300 ಕಿಲೋಮೀಟರಿಗಿಂತ ಕೊಂಚವೇ ಹೆಚ್ಚು. ಇಷ್ಟು ಅಂತರವೇಕೆ? ಬೇಸಗೆಯಲ್ಲಿ ಕಡಲಿನ ಮೇಲೆ ಗಾಳಿಯ ಪದರಗಳು ಕಾಲುವೆಯಂತಾಗಿ, ಅಲೆಗಳನ್ನು ದಿಗಂತದಾಚೆಗೂ ಒಯ್ಯುವುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ರೇಡಾರಿಗೆ ಸಾವಿರ ಮೈಲಿಗೂ ಮಿಕ್ಕ ದೂರದ ಅರೇಬಿಯಾದ ತೀರ ಗೋಚರಿಸಿದ್ದುಂಟು.

ಗದ್ದಲದಿಂದ ಕೆಡುವುದು ದೂರವಾಣಿಯ ಮಾತಷ್ಟೇ ಅಲ್ಲ. ದೋಣಿ ಮುಳುಗುವಾಗ ಗುಂಡಿಯೊತ್ತಿದರೆ ಮೊರೆ ಕಳುಹಿಸುವ ಯಂತ್ರವನ್ನು ಇಸ್ರೋ ಸಂಸ್ಥೆ ಮೀನುಗಾರರಿಗೆಂದು ರೂಪಿಸಿದೆ. ಅದು 2010ರಿಂದ ಬಳಕೆಯಲ್ಲಿದೆ. ಆ ಮೊರೆ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರವನ್ನು ಸೇರಿ, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ತಲುಪುತ್ತದೆ. ದೊಡ್ಡ ಹಡಗುಗಳ ಆಪತ್ಸೂಚಕ 406 ಮೆಗಾಹರ್ಟ್ಸ್‌ನಲ್ಲಿ ಸುಮಾರು 5 ವಾಟ್ ಶಕ್ತಿಯಿಂದ ಕೂಗುತ್ತದೆ; ಮನೆಯ ಚಿಕ್ಕ ದೀಪದ ಶಕ್ತಿಯಷ್ಟೆ! ಹಿಂದೆ 121.5 ಮೆಗಾಹರ್ಟ್ಸ್‌ನ ಸೂಚಕಗಳೂ ಇದ್ದವು. ಹುಸಿ ಕರೆಗಳೂ ಅನ್ಯ ಸದ್ದುಗಳೂ ಅದರಲ್ಲಿ ಎಷ್ಟು ತುಂಬಿದವೆಂದರೆ, 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಅದಕ್ಕೆ ಕಿವಿಗೊಡುವುದನ್ನೇ ನಿಲ್ಲಿಸಿದವು.

ಆಕಾಶದಲ್ಲಿ ಬೇಲಿ ಹಾಕಲಾಗದು. ಅಲ್ಲಿರುವುದು ಒಪ್ಪಿಕೊಂಡ ಮೌನದ ಗಡಿ ಮಾತ್ರ. 2018ರ ನಿಯಮಗಳಿಂದ ನಮ್ಮ ಜಲಪ್ರದೇಶದ ಹಡಗುಗಳಿಗೂ ಪರವಾನಿಗೆಯುಳ್ಳ ಉಪಗ್ರಹ ಸಂಪರ್ಕ ದೊರಕಿದೆ. ಕಡಲಿನಲ್ಲಿ ಮಾತು ಇನ್ನೂ ಹೆಚ್ಚುವುದು ನಿಶ್ಚಯ. ಹೆಚ್ಚಲಿ, ಸಂತೋಷವೇ. ಆದರೆ ಗಂಗೊಳ್ಳಿಯಿಂದಲೋ ಕೋಡಿಬೆಂಗ್ರೆಯಿಂದಲೋ ಹೊರಟ ದೋಣಿಯ ಕ್ಷೀಣವಾದ ಮೊರೆಗೆ ಎಡೆಯಿರುವಷ್ಟು ಮೌನ ಉಳಿಯಲಿ. ಆ ಮೌನವನ್ನು ನಂಬಿ ದಡದಲ್ಲಿ ಮನೆಮಂದಿ ಕಾದಿರುತ್ತಾರೆ.